ನೂರನೆಯ ವರ್ಷದ ಅತಿಥಿ

ಎರಡು ಗಂಟೆಗೆ ಶವಪೆಟ್ಟಿಗೆ ಮನೆಗೆ ಬರುವುದು, ಮೂರಕ್ಕೆ ಹೊರಡುವುದು, ಮೂರೂವರೆಗೆ ಚರ್ಚಿನಲ್ಲಿ ಪ್ರಾರ್ಥನೆ, ಐದರೊಳಗೆ ಮಣ್ಣು. ಎವರ್ಟನ್ ಜಗುಲಿಯಲ್ಲಿ ನಿಂತು ಈ ಕ್ರಮವನ್ನು ಬಂದವರಿಗೆಲ್ಲ ಮತ್ತೊಮ್ಮೆ ಒಪ್ಪಿಸುತ್ತಿದ್ದಾಗ ಅವನ ಅಕ್ಕ ಮಾರ್ವಾ ಒಳಗೆ ಮಂಡಿಯೂರಿ, ಆಗಲೇ ಹೊಳೆಯುತ್ತಿದ್ದ ಮರದ ನೆಲಕ್ಕೆ ಇನ್ನೊಂದು ಸುತ್ತು ಮೇಣ ತಿಕ್ಕುತ್ತಿದ್ದಳು. ತಮ್ಮನ ಕ್ರಮದಲ್ಲಿ ಸೇರದ ಒಂದು ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ಮೂರು ಗಂಟೆಗೆ ಗಣರಾಜ್ಯದ ರಾಷ್ಟ್ರಪತಿಗಳು ಈ ಮನೆಗೆ ಬರುವವರಿದ್ದರು.

ಅಂದು ಅಕ್ಕ-ತಮ್ಮನ ತಾಯಿ ಡೊರಿಂಡಾ ಹೋಲ್ಡರಳ ನೂರನೆಯ ಹುಟ್ಟುಹಬ್ಬ. ನೂರು ತುಂಬಿದವರ ಮನೆಗೆ ದೇಶದ ಮುಖ್ಯಸ್ಥರೇ ಹೋಗಿ, ಕುಳಿತು, ಮಾತಾಡಿಸಿ ಬರುವುದು ಆ ದ್ವೀಪದ ವಾಡಿಕೆ. ಡೊರಿಂಡಾ ತೀರಿಕೊಂಡು ಎರಡು ವಾರವಾಗಿತ್ತು.

"ಏನೇ ಮಾರ್ವಾ, ನೆಲ ಇಷ್ಟು ಮಿಂಚಿಸಿದ್ರೆ ಪೆಟ್ಟಿಗೆ ಹೊರೋರು ಜಾರಿ ಬೀಳ್ತಾರೆ. ಆಮೇಲೆ ಅವ್ರಿಗೂ ಒಂದೊಂದು ಪೆಟ್ಟಿಗೆ ಹುಡುಕ್ಬೇಕಾಗತ್ತೆ." ಪಕ್ಕದ ಮನೆಯ ಊನಾ ತೆಂಗಿನಕಾಯಿ ಬ್ರೆಡ್ಡಿನ ತಟ್ಟೆ ಹಿಡಿದು ಹಿತ್ತಲ ಬಾಗಿಲಿನಿಂದ ಬಂದಿದ್ದಳು.

"ಜನ ಬರ್ತಾರಲ್ಲ."

"ಜನ ಬರೋದು ಸಾವಿನ ಮನೆಗೆ ಕಣೇ. ನೀನು ಮದುವೆ ಮನೆ ಮಾಡಿಟ್ಟಿದೀಯ."

ಎವರ್ಟನ್ ಬಾಗಿಲಿನಲ್ಲಿ ತಲೆ ಹಾಕಿದ. ಬ್ರೂಕ್ಲಿನ್‌ನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ ಅವನಿಗೆ ಪ್ರತಿಯೊಂದೂ ಹೊತ್ತಿಗೆ ಸರಿಯಾಗಿ ಆಗಬೇಕು. "ಅಕ್ಕ, ರಾಷ್ಟ್ರಪತಿಗಳ ಕಚೇರಿಗೆ ಹೇಳಿದೀಯ ತಾನೇ, ಬರೋದು ಬೇಡ ಅಂತ?"

"ರೇಡಿಯೋದಲ್ಲಿ ಓದಿದ್ರಲ್ಲ. ಸಾವಿನ ಸುದ್ದಿ ಕೇಳದೆ ಈ ದ್ವೀಪದಲ್ಲಿ ಯಾರು ಬೆಳಿಗ್ಗೆ ಟೀ ಕುಡೀತಾರೆ?"

"ನಾನು ಕೇಳಿದ್ದು ಅದಲ್ಲ."

"ಜರುಗು, ಅಲ್ಲಿ ಇನ್ನೂ ಒಣಗಿಲ್ಲ," ಎಂದು ಮಾರ್ವಾ ಅವನ ಬೂಟಿನ ಮುಂದೆ ಬಟ್ಟೆ ಆಡಿಸಿದಳು.

* * *

ಡೊರಿಂಡಾ ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿ ಬಡಿಸಿ ಆಯುಸ್ಸು ಕಳೆದವಳು. ಸಾಲಿನಲ್ಲಿ ಹೊಸ ಮುಖ ಕಂಡರೆ ಸೌಟನ್ನು ಮೇಲೆಯೇ ನಿಲ್ಲಿಸಿ, "ಯಾರ ಮನೇದು ಮಗು ನೀನು?" ಎಂದು ಕೇಳುವಳು, ಅಜ್ಜಿಯ ಹೆಸರು ಹೊರಬಿದ್ದ ಮೇಲೆಯೇ ಅನ್ನ ತಟ್ಟೆಗೆ ಬೀಳುತ್ತಿತ್ತು. ಸಂಜೆಯಾದರೆ ಜಗುಲಿಯಲ್ಲಿ ಕುಳಿತು ರಸ್ತೆ ನೋಡುವುದು ಅವಳ ಅಭ್ಯಾಸ. ಆ ರಸ್ತೆಯಲ್ಲಿ ಹೋದವರು ಬಹಳ ಮಂದಿ. ಗಂಡ ಇಂಗ್ಲೆಂಡಿನ ರೈಲಿನಲ್ಲಿ ಕೆಲಸ ಸಿಕ್ಕಿತೆಂದು ಹೋದ. ಮೊದಲ ಚಳಿಗಾಲದಲ್ಲಿ ಒಂದು ಉಣ್ಣೆಯ ಶಾಲು ಬಂತು, ಅವನು ಬರಲಿಲ್ಲ. ಮಗ ಬ್ರೂಕ್ಲಿನ್‌ಗೆ ಹೋದ. ಅವನಿಂದ ಡಬ್ಬಿಗಟ್ಟಲೆ ಸಾಮಾನು ಬಂತು, ಅವನು ಬಂದದ್ದು ಎರಡು ಬಾರಿ. ಮಾರ್ವಾ ಮಾತ್ರ ಎಲ್ಲಿಗೂ ಹೋಗಲಿಲ್ಲ. ಎದುರಿಗೇ ಇರುವವಳಿಗಾಗಿ ಯಾರೂ ರಸ್ತೆ ನೋಡುವುದಿಲ್ಲ.

ಡೊರಿಂಡಾಳ ಅಕ್ಕ ಐಯೋನಿಗೆ ನೂರಾದಾಗ ದೇಶ ಇನ್ನೂ ಇಂಗ್ಲೆಂಡಿನ ರಾಣಿಯದಾಗಿತ್ತು. ಅವಳ ಪರವಾಗಿ ಗವರ್ನರ್ ಜನರಲ್ ಬಂದು, ರಾಣಿಯ ಚಿತ್ರವಿದ್ದ ಕಾರ್ಡು ಕೊಟ್ಟು ಹೋದರು. ಐಯೋನಿ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಬಂದವರಿಗೆಲ್ಲ ತೋರಿಸಿದಳು.

"ಅದನ್ನ ಇಟ್ಕೊಂಡು ಏನ್ ಮಾಡ್ತೀಯ?" ಎಂದಿದ್ದಳು ಡೊರಿಂಡಾ. "ಆ ಹೆಂಗಸು ನಿನ್ನ ಮನೆಗೆ ಬಂದು ಒಂದು ತುಂಡು ಮೀನು ತಿಂದ್ಲಾ?"

"ಹೊಟ್ಟೆಕಿಚ್ಚಿಗೆ ಮದ್ದಿಲ್ಲ," ಎಂದಳು ಐಯೋನಿ.

ಕೆಲವು ವರ್ಷಗಳ ನಂತರ ರಾಣಿಯ ಬಾವುಟ ಇಳಿಯಿತು. ದ್ವೀಪದ ಸಂಸತ್ತು ದ್ವೀಪದವರನ್ನೇ ಆರಿಸಿ ರಾಷ್ಟ್ರಪತಿ ಮಾಡಿತು. ಆ ಸಮಾರಂಭವನ್ನು ಟೀವಿಯಲ್ಲಿ ಕೊನೆಯವರೆಗೂ ನೋಡಿ ಡೊರಿಂಡಾ ಮಗಳಿಗೆ ಹೇಳಿದ ಮಾತು ಇದು: "ಇವ್ರನ್ನ ಕೇಳ್ಬಹುದು ಕಣೇ, ಯಾರ ಮನೆಯವ್ರು ನೀವು ಅಂತ. ಇನ್ನು ಯಾರು ಬರ್ಲಿ ಬಿಡ್ಲಿ, ಇವ್ರು ಬಂದೇ ಬರ್ತಾರೆ. ಬರಲೇಬೇಕಲ್ಲ, ವಾಡಿಕೆ ಅದು."

ಅಂದಿನಿಂದ ಅವಳು ರಸ್ತೆ ನೋಡುವ ರೀತಿಯೇ ಬದಲಾಯಿತು. ಮೊದಲು ರಸ್ತೆ ತಿರುಗುವ ಕಡೆ ಕಣ್ಣು ನೆಟ್ಟಿರುತ್ತಿದ್ದಳು. ಈಗ ಒಳಗೆ ಎಷ್ಟು ಕುರ್ಚಿ ಹಿಡಿಯುತ್ತದೆ ಎಂದು ಯೋಚಿಸುತ್ತಿದ್ದಳು. ಕೊನೆಯ ವಾರ, ಎದ್ದು ಕೂರಲು ಆಗದಿದ್ದಾಗ, ಮಗಳ ಮಣಿಕಟ್ಟು ಹಿಡಿದಳು. "ನಾನು ಮಲಗಿದ್ರೂ ಸರಿ. ಅವ್ರಿಗೆ ಬರಬೇಡಿ ಅಂತ ಮಾತ್ರ ಅನ್ಬೇಡ."

ಅವಳು ತೀರಿಕೊಂಡ ಮರುದಿನ ಬೆಳಿಗ್ಗೆ, ರೇಡಿಯೋಗೆ ಇನ್ನೂ ಸುದ್ದಿ ಕೊಡುವ ಮೊದಲೇ, ರಾಷ್ಟ್ರಪತಿಗಳ ಕಚೇರಿಯಿಂದ ಫೋನು ಬಂತು. ಮೂರು ಗಂಟೆಗೆ ಬಂದರೆ ಅಮ್ಮನವರಿಗೆ ಅನುಕೂಲವೇ ಎಂದು ಒಬ್ಬ ಹುಡುಗಿ ವಿನಯದಿಂದ ಕೇಳಿದಳು. ಮಾರ್ವಾ ಖಾಲಿ ಮಂಚದ ಕಡೆ ನೋಡುತ್ತ, "ಬನ್ನಿ. ಅಮ್ಮ ಕಾಯ್ತಿದಾರೆ," ಎಂದಳು.

ಆಮೇಲೆ ಎವರ್ಟನ್ ಬ್ರೂಕ್ಲಿನ್‌ನಿಂದ ವಿಮಾನದ ದಿನ ನೋಡಿ ಮಣ್ಣಿನ ದಿನ ಗೊತ್ತುಮಾಡಿದ. ಅದು ಹುಟ್ಟುಹಬ್ಬದ ದಿನವೇ ಆಯಿತು. ಮಾರ್ವಾ ಬೇಡವೆನ್ನಲಿಲ್ಲ. ರೇಡಿಯೋದವರು ಸುದ್ದಿ ಓದಿದ ಮೇಲೆ ಕಚೇರಿಯವರೇ ಫೋನು ಮಾಡಬಹುದೆಂದು ಕಾದಳು. ಮಾಡದಿರಲಿ ಎಂದೂ ಕಾದಳು. ಫೋನು ಬರಲಿಲ್ಲ.

* * *

ಮೂರು ಗಂಟೆಗೆ ಪೆಟ್ಟಿಗೆಯ ಸುತ್ತ ನಿಂತವರು ಹಾಡು ಮುಗಿಸಿದರು.

"ಇನ್ನೊಂದು ಹೇಳಿ," ಎಂದಳು ಮಾರ್ವಾ.

"ಅಕ್ಕ, ಪಾದ್ರಿಗಳು ಕಾಯ್ತಾರೆ."

"ಒಂದೇ ಒಂದು."

ಹಾಡಿದರು. ರಸ್ತೆಯಲ್ಲಿ ಯಾರೂ ಕಾಣಲಿಲ್ಲ. ಅವಳು ಮೂರನೆಯದನ್ನು ಕೇಳಿದಾಗ ಊನಾ ಅವಳ ಕಿವಿಯ ಬಳಿ ಬಾಗಿ, "ಯಾರನ್ನ ಕಾಯ್ತಿದೀಯೇ?" ಎಂದಳು. ಉತ್ತರ ಬರುವಷ್ಟರಲ್ಲಿ ಎವರ್ಟನ್ ಪೆಟ್ಟಿಗೆ ಹೊರುವವರಿಗೆ ಸನ್ನೆ ಮಾಡಿಯಾಗಿತ್ತು.

ಚರ್ಚಿಗೆ ಹೋಗುವ ದಾರಿ ಎರಡು ಕಡೆಯೂ ಎತ್ತರದ ಕಬ್ಬು ನಿಂತ, ಒಂದೇ ಗಾಡಿ ಹಿಡಿಯುವಷ್ಟು ಕಿರಿದಾದ ರಸ್ತೆ. ಮುಂದೆ ಕಾರ್ಲೈಲ್ ಓಡಿಸುತ್ತಿದ್ದ ಶವವಾಹನ, ಹಿಂದೆ ಅಕ್ಕ, ತಮ್ಮ, ಊನಾ ಇದ್ದ ಕಾರು, ಅದರ ಹಿಂದೆ ಊರಿನವರು. ಅರ್ಧ ದಾರಿಯಲ್ಲಿ ಎದುರಿನ ತಿರುವಿನಿಂದ ಮೋಟಾರು ಸೈಕಲ್ಲಿನ ಮೇಲೆ ಒಬ್ಬ ಪೊಲೀಸ್ ಅಧಿಕಾರಿ ಬಂದು ಕೈ ಎತ್ತಿದ. ಅವನ ಹಿಂದೆ ಕಪ್ಪು ಕಾರು ನಿಂತಿತು.

"ಹಿಂದಕ್ಕೆ ತಗೊಳ್ಳಿ," ಎಂದ ಅಧಿಕಾರಿ. "ನಿಮ್ಮ ಹಿಂದೆ ಗದ್ದೆ ಗೇಟಿನ ಹತ್ರ ಜಾಗ ಇದೆ. ನಮಗೆ ಕೂಡುರಸ್ತೆವರೆಗೂ ಜಾಗ ಇಲ್ಲ."

ಕಾರ್ಲೈಲ್ ಟೋಪಿ ತೆಗೆದು ಕಿಟಕಿಯಿಂದ ತಲೆ ಹೊರಹಾಕಿದ. "ಹೆಣ ಇರೋ ಗಾಡೀನ ನಾನು ಹಿಂದಕ್ಕೆ ಓಡಿಸಲ್ಲ ಸಾರ್. ಕುದುರೆ ಕಟ್ಟೋ ಕಾಲದಲ್ಲಿ ನಮ್ಮಪ್ಪನೂ ಓಡಿಸಿಲ್ಲ. ಹೊರಟೋರನ್ನ ಮತ್ತೆ ಮನೆ ಕಡೆ ತಳ್ಳಬಾರ್ದು."

"ಕಾರಲ್ಲಿ ಯಾರಿದಾರೆ ಗೊತ್ತೇನ್ರಿ?"

"ಬಾವುಟ ಕಾಣ್ತಿದೆ ಸಾರ್. ನನ್ನ ಗಾಡೀಲಿ ಯಾರಿದಾರೆ, ನಿಮಗೆ ಗೊತ್ತಾ?"

ಹಿಂದಿನ ಕಾರಿನಲ್ಲಿ ಎವರ್ಟನ್ ನಿಧಾನವಾಗಿ ಅಕ್ಕನ ಕಡೆ ತಿರುಗಿದ. "ನೀನು ಹೇಳೇ ಇಲ್ಲ."

"ಇಲ್ಲ."

"ಅಯ್ಯೋ ದೇವ್ರೇ," ಎಂದು ಊನಾ ಮೆಲ್ಲಗೆ ಅಂದು ಬಾಗಿಲು ತೆರೆದುಕೊಟ್ಟಳು. "ಇಳಿ ಮತ್ತೆ. ಹೋಗು."

ಮಾರ್ವಾ ಶವವಾಹನದ ಪಕ್ಕ ಕಬ್ಬಿನ ಗರಿ ಸವರಿಕೊಂಡು ಮುಂದೆ ನಡೆದಳು. ಅಧಿಕಾರಿಯ ಎದುರು ನಿಂತಾಗ ಅವಳ ಕೈಗೆ ಇನ್ನೂ ಮೇಣದ ವಾಸನೆಯಿತ್ತು.

"ಯಾರ ಮನೆಗೆ ಹೊರಟಿದೀರಪ್ಪ?"

"ಡೊರಿಂಡಾ ಹೋಲ್ಡರ್ ಅಮ್ಮನವರ ಮನೆಗೆ. ಇವತ್ತು ಅವ್ರಿಗೆ ನೂರು."

"ಇವ್ರೇ ಅವ್ರು." ಅವಳು ಗಾಡಿಯ ಗಾಜಿನ ಮೇಲೆ ಅಂಗೈ ಇಟ್ಟಳು. "ತೀರಿಕೊಂಡಿದ್ದನ್ನ ನಾನೇ ನಿಮ್ಮ ಕಚೇರಿಗೆ ಹೇಳ್ಲಿಲ್ಲ. ಬರಬೇಡಿ ಅನ್ಬೇಡ ಅಂದಿದ್ಲು ಅಮ್ಮ. ನನಗೆ ಅನ್ನೋಕೆ ಬಾಯಿ ಬರ್ಲಿಲ್ಲ. ನೀವು ವಾಪಸ್ ಹೋಗಿ ಅಂದ್ರೂ ಸರಿ, ಬೈದ್ರೂ ಸರಿ. ಬಂದ್ರಿ ಅನ್ನೋದೊಂದು ಅವಳಿಗೆ ಸಾಕು."

ಅಧಿಕಾರಿ ಕಪ್ಪು ಕಾರಿನ ಹಿಂದಿನ ಕಿಟಕಿಯ ಬಳಿ ಹೋಗಿ ಬಾಗಿದ. ಬಹಳ ಹೊತ್ತು ಬಾಗಿಯೇ ಇದ್ದ. ಮರಳಿ ಬಂದವನು ಮಾರ್ವಾಳಿಗೆ ಸೆಲ್ಯೂಟ್ ಮಾಡಿ, ಕಾರ್ಲೈಲ್ ಕಡೆ ತಿರುಗಿ ಹೇಳಿದ: "ನೀವು ನಿಧಾನ ಬನ್ನಿ. ನಾವೇ ಹಿಂದಕ್ಕೆ ಹೋಗ್ತೀವಿ."

ಮಾರ್ವಾ ತನ್ನ ಕಾರಿಗೆ ಮರಳಲಿಲ್ಲ. ಗಾಜಿನ ಮೇಲಿಟ್ಟ ಕೈ ತೆಗೆಯದೆ ಗಾಡಿಯ ಜೊತೆಗೇ ನಡೆದಳು. ರಾಷ್ಟ್ರಪತಿಗಳ ಕಾರು ಅವಳ ತಾಯಿಗೆ ಎದುರುಮುಖವಾಗಿ, ನಡಿಗೆಯ ವೇಗದಲ್ಲಿ, ಒಂದೊಂದೇ ಮಾರು ಹಿಂದೆ ಸರಿಯತೊಡಗಿತು. ಎರಡು ಗಾಡಿಗಳ ನಡುವಿನ ಅಂತರ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಹಿಂದಿನ ಸೀಟಿನಲ್ಲಿದ್ದವರು ಮುಂದಕ್ಕೆ ಬಾಗಿ ಕುಳಿತಿದ್ದರು. ಗಾಳಿ ಪೂರ್ತಿ ನಿಂತಿತ್ತು. ಕಬ್ಬಿನ ಒಂದು ಗರಿಯೂ ಅಲುಗುತ್ತಿರಲಿಲ್ಲ. ಕಾರು ಹಿಮ್ಮುಖವಾಗಿ ಚಲಿಸುತ್ತಿದ್ದುದರಿಂದ ಅದರ ಮೂತಿಯ ಮೇಲಿನ ಬಾವುಟ ಶವವಾಹನದ ಕಡೆಗೆ ವಾಲಿತ್ತು.