ಅಪೊಸ್ತಲನ ಅರ್ಕಾವತ್ತು

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ಊಟವಿಲ್ಲ. ಗಾದೆ ಹೀಗಲ್ಲ ಎಂದು ಯಾರೂ ಕೆಂಪು ಪೆನ್ನು ಎತ್ತಿಕೊಳ್ಳುವುದು ಬೇಡ; ಮೇಷ್ಟ್ರ ಮನೆಯಲ್ಲಿ ಅದು ಹೀಗೇ ಇತ್ತು. ಇದು ನಡೆದ ಕಥೆ. ನಡೆಯುವಾಗ ಅಲ್ಲಲ್ಲಿ ಕುಂಟಿದರೆ ದೋಷ ಹೇಳುವವರ ಕಾಲಿನದು, ಕಥೆಯದಲ್ಲ.

ಮೇಷ್ಟ್ರು ಮೂವತ್ತೈದು ವರ್ಷ ಹೈಸ್ಕೂಲು ಮಕ್ಕಳಿಗೆ ವ್ಯಾಕರಣ ಕಲಿಸಿ, ನಿವೃತ್ತರಾದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಬುಧವಾರ ಸಂಜೆಯ ಬೈಬಲ್ ತರಗತಿ ಹಿಡಿದವರು. ಮನೆಯ ಕೆಳಮಹಡಿಯಲ್ಲಿ ಹೆಂಡತಿ, ಮೇಲ್ಮಹಡಿಯಲ್ಲಿ ತಂಗಿ, ನಡುವಿನ ಮೆಟ್ಟಿಲ ಮೇಲೆ ಮೇಷ್ಟ್ರು. ಏಕೆಂದರೆ ಅತ್ತಿಗೆ ನಾದಿನಿಯರ ನಡುವೆ ಮಾತು ನಿಂತು ಹನ್ನೊಂದು ತಿಂಗಳಾಗಿತ್ತು. ಕಾರಣ ಒಂದೇ ಒಂದು ಅಕ್ಷರ. ಚರ್ಚಿನ ಕ್ವಾಯರಿನಲ್ಲಿ ಅತ್ತಿಗೆ ರಾಗ ಎಳೆಯುವುದನ್ನು ಕೇಳಿ ನಾದಿನಿ, "ನಮ್ಮತ್ತಿಗೆ ಹಾಡೋದು ಆಮೆನ್ ಅಲ್ಲಪ್ಪ, ಬರೀ ಆಮೆ. ಆ 'ನ್' ಬರೋ ಹೊತ್ತಿಗೆ ಜನ ಮನೆ ಸೇರಿರ್ತಾರೆ" ಎಂದಿದ್ದಳು. ಕ್ವಾಯರೆಲ್ಲ ನಕ್ಕಿತು. ಅತ್ತಿಗೆ ನಗಲಿಲ್ಲ.

ಅಂದಿನಿಂದ ಮೇಷ್ಟ್ರೇ ಅಂಚೆಯಣ್ಣ.

"ನಿಮ್ಮ ತಂಗಿಗೆ ಹೇಳ್ರೀ, ಮೇಲಿನ ನಲ್ಲಿ ಸೋರಿ ನನ್ನ ನೆತ್ತಿ ಮೇಲೆ ಬೀಳ್ತಿದೆ. ಕಣ್ಣು ಕಾಣಲ್ವಾ ಅಂತ ಕೇಳ್ರೀ" ಎಂದು ಹೆಂಡತಿ ಸಿಡಿದರೆ, ಮೇಷ್ಟ್ರು ಏದುಸಿರು ಬಿಡುತ್ತ ಮೇಲೆ ಹೋಗಿ, "ನಲ್ಲಿಯು ಸೋರುತ್ತಿರುವುದಾಗಿ ನಿನ್ನ ಅತ್ತಿಗೆಯು ತಿಳಿಸಿರುತ್ತಾಳೆ" ಎನ್ನುವರು.

"ಕೊಡೆ ಹಿಡ್ಕೊಂಡು ಅಡುಗೆ ಮಾಡೋಕೆ ಹೇಳಣ್ಣ."

ಮೇಷ್ಟ್ರು ಕೆಳಗಿಳಿದು, "ಛತ್ರಿಯ ಉಪಯೋಗವನ್ನು ಸೂಚಿಸಿರುತ್ತಾಳೆ" ಎನ್ನುವಷ್ಟರಲ್ಲಿ ಅನ್ನ ಆರಿರುತ್ತಿತ್ತು. ತಂಗಿಯ ಪರವಾಗಿ ಬಾಯಿತಪ್ಪಿ ಅರ್ಧ ಮಾತಾಡಿದ ದಿನ ಆ ಆರಿದ ಅನ್ನಕ್ಕೂ ಸಂಚಕಾರ. ಒಡಹುಟ್ಟಿದವಳನ್ನೂ ಬಿಡುವಂತಿಲ್ಲ, ಕೈಹಿಡಿದವಳನ್ನೂ ಬಿಡುವಂತಿಲ್ಲ. ಇಬ್ಬರ ಬಾಯಲ್ಲೂ ಒಂದು ನೇರ ಮಾತು ಹೊರಟರೆ ಸಾಕು, ಬೇರೇನೂ ಬೇಡ ಎನ್ನುವ ಸ್ಥಿತಿಗೆ ಬಂದಿದ್ದರು.

ತಮ್ಮಿಂದಾಗದ್ದಕ್ಕೆ ಬೈಬಲಿನ ಅಪೊಸ್ತಲನನ್ನು, ಅಂದರೆ ದೂತನಾದ ಪೌಲನನ್ನು ಹಿಡಿದರು. ಮೂರು ಬುಧವಾರಗಳಿಂದ ಒಂದೇ ಪಾಠ: ಪೌಲ ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಊರಿನ ಕ್ರೈಸ್ತ ಸಭೆಗೆ ಪತ್ರ ಬರೆದನಲ್ಲ, ಅದರ ಉದ್ದೇಶವೇನು?

"ಅದು ಥ್ಯಾಂಕ್ಸ್ ಹೇಳೋ ಕಾಗದ ಮೇಷ್ಟ್ರೇ," ಎಂದರು ಪಾದ್ರಿ. "ಅವರು ಸಹಾಯ ಕಳಿಸಿದ್ರು, ಇವನು ಬಂದು ಮುಟ್ಟಿತು ಅಂತ ಬರೆದ."

"ಮುಟ್ಟಿತು ಅನ್ನೋಕೆ ನಾಲ್ಕು ಅಧ್ಯಾಯ ಬೇಕಾ ಅಯ್ಯನವರೇ? ಕೊನೇ ಅಧ್ಯಾಯ ನೋಡಿ. ಇಬ್ಬರು ಹೆಂಗಸರನ್ನ ಹೆಸರು ಹಿಡಿದು ಕರೆದು, ಒಂದೇ ಮನಸ್ಸಿಂದ ಇರ್ರಮ್ಮಾ ಅಂತ ಬೇಡ್ಕೊಳ್ತಾನೆ. ಅದಕ್ಕೇ ಬರೆದದ್ದು. ಅದರ ಹಿಂದಿನದೆಲ್ಲ ಪೀಠಿಕೆ!"

"ಪೀಠಿಕೆ ಅಷ್ಟುದ್ದನಾ?" ಎಂದು ಹಿಂದಿನ ಬೆಂಚಿನಿಂದ ಟೈಲರ್ ಕೇಳಿದ. ಕ್ವಾಯರಿನ ಗೌನು ಹೊಲಿಯುವವನು; ಗೌನಿನ ಅಳತೆಗಿಂತ ಜನರ ಗಂಟಲಿನ ಅಳತೆ ಚೆನ್ನಾಗಿ ಬಲ್ಲವನು. ಪಾದ್ರಿಯ ಕೆಮ್ಮನ್ನೂ ಕೆಮ್ಮಿ ತೋರಿಸುತ್ತಿದ್ದ.

"ಹೇಳೋದು ಕಷ್ಟ ಇದ್ದಾಗ ಪೀಠಿಕೆ ಉದ್ದ ಆಗುತ್ತಪ್ಪ."

"ಗೊತ್ತಾಯ್ತು ಬಿಡಿ. ಉದ್ದ ಇದ್ದದ್ದಕ್ಕೇ ಅದು ಉದ್ದೇಶ!"

ಮೇಷ್ಟ್ರು ಓರೆಗಣ್ಣಿನಿಂದ ನೋಡಿದರು. ಒಂದು ತುದಿಯ ಬೆಂಚಿನಲ್ಲಿ ಹೆಂಡತಿ, ಇನ್ನೊಂದು ತುದಿಯಲ್ಲಿ ತಂಗಿ. ಪೌಲ ಹೇಳಿದ್ದು ಆ ತುದಿಯವಳಿಗೇ ಎಂದು ಇಬ್ಬರೂ ಭಕ್ತಿಯಿಂದ ತಲೆಯಾಡಿಸುತ್ತಿದ್ದರು.

ನಾಲ್ಕನೆಯ ಬುಧವಾರ ಟೈಲರ್ ಒಂದು ಕಂದು ಹಾಳೆ ತಂದ. ಹಳೆಯ ಗೌನಿನ ಒಳಪಟ್ಟಿ ಬಿಚ್ಚಿದಾಗ ಯಾವುದೋ ಕಾಲದ ಪತ್ರ ಸಿಕ್ಕಿತಂತೆ. "ಮೂಲ ಮುಟ್ಟಿದ್ರೆ ಪುಡಿಯಾಗುತ್ತೆ ಮೇಷ್ಟ್ರೇ. ಇದ್ದ ಅಕ್ಷರ ಇದ್ದ ಹಾಗೇ ನಕಲು ತೆಗೆದಿದ್ದೀನಿ. ಪತ್ರ ನೋಡಿ ಉದ್ದೇಶ ಹೇಳೋರು ನೀವು. ಹೇಳಿ ನೋಡೋಣ."

ಮೇಷ್ಟ್ರು ಹಾಳೆ ತೆಗೆದುಕೊಂಡರು. ಕನ್ನಡಕ ಒರೆಸಿಕೊಂಡು ಓದಿದರು:

"ಮೇಲಣವರಿಗೂ ಕೆಳಗಣವರಿಗೂ ನಡುವೆ ನಡೆದಾಡುವ ದೂತನಿಗೆ ಕೃಪೆಯಾಗಲಿ. ನಿನ್ನ ಮೊಣಕಾಲುಗಳ ನರಳಾಟವನ್ನು ಬಲ್ಲೆವು. ಆದರೂ ನಿನ್ನ ಮೇಲೆ ನಮಗೊಂದು ದೂರುಂಟು. ನಿನ್ನ ಕೈಯಲ್ಲಿ ಕೆಂಡವನ್ನು ಕೊಟ್ಟು ಕಳುಹಿಸಿದೆವು, ನೀನು ಬೂದಿಯನ್ನು ಮುಟ್ಟಿಸಿದಿ. ನಮ್ಮ ಕ್ರಿಯಾಪದಗಳನ್ನು ತಿದ್ದಿ ನಮ್ಮ ಕೋಪದ ಮರ್ಯಾದೆ ಕಳೆದಿ. ಇನ್ನು ಈ ಕಾರ‍್ಯವನ್ನು ನಿಲ್ಲಿಸೆಂದು ಒಂದೇ ಬಾಯಿಂದ ಪ್ರಾರ್ಥಿಸುತ್ತೇವೆ."

ಎಲ್ಲೋ ಒಬ್ಬರು ಮೂಗಿನಲ್ಲಿ ನಕ್ಕರು. ಮೇಷ್ಟ್ರಿಗೆ ಕೇಳಿಸಲಿಲ್ಲ.

"ಅದ್ಭುತ! ವ್ಯಾಕರಣ ಬಲ್ಲ ದೂತ! ನಮ್ಮ ಚರ್ಚಿನ ಆದಿಕಾಲದಲ್ಲಿ ಇಂಥವನೊಬ್ಬ ಇದ್ದ ಅಂತ ಯಾರೂ ಬರೆದಿಲ್ಲ. ಅವನ ಉಪಕಾರ ಸ್ಮರಿಸೋದೇ ಇದರ ಉದ್ದೇಶ."

"ಬೈದ ಹಾಗಿದೆಯಲ್ಲ?" ಎಂದರು ಪಾದ್ರಿ, ಕರವಸ್ತ್ರದ ಹಿಂದಿನಿಂದ.

"ಸಲುಗೆ ಅಯ್ಯನವರೇ, ಸಲುಗೆ! ಇನ್ನೊಂದು ವಿಷಯ. ಇದನ್ನ ಬರೆದವರು ಒಬ್ಬರಲ್ಲ. ನೋಡಿ, 'ಮರ್ಯಾದೆ'ಗೆ ಅರ್ಕಾವತ್ತು ಇದೆ. 'ಕಾರ‍್ಯ'ಕ್ಕೆ ಇಲ್ಲ, ರಕಾರ ಬರೆದು ಕೆಳಗೆ ಒತ್ತು ಕೊಟ್ಟಿದೆ. ಎರಡು ಕೈ! ಅದೂ ಹೇಗೆ? ಅದೇ ವಾಕ್ಯದ ಕೊನೆಗೆ ಬನ್ನಿ, 'ಪ್ರಾರ್ಥಿಸುತ್ತೇವೆ'ಯಲ್ಲಿ ಮತ್ತೆ ಅರ್ಕಾವತ್ತು. ಒಬ್ಬರು ಶುರು ಮಾಡಿದ ವಾಕ್ಯನ ಇನ್ನೊಬ್ಬರು ಮುಗಿಸಿದ್ದಾರೆ. ಅಂದ್ರೆ ಇಬ್ಬರೂ ಒಂದೇ ಮೇಜಿಗೆ ಕೂತು, ಒಬ್ಬರ ಕೈಯಿಂದ ಒಬ್ಬರು ಪೆನ್ನು ಕಿತ್ಕೊಂಡು ಬರೆದಿರಬೇಕು. ಅರ್ಕಾವತ್ತು ಬರೆಯಲ್ಲ ಅಂತ ಹಟ ಹಿಡಿಯೋ ಇಂಥ ಮೊಂಡು ಜೀವ ನಾನು ಕಂಡಿರೋದು ಒಂದೇ, ನಮ್ಮ..."

ಬಾಯಿ ತೆರೆದೇ ಉಳಿಯಿತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಮೇಷ್ಟ್ರ ದನಿಯೇ ಏದುಸಿರು ಬಿಡುತ್ತ ಕೇಳಿಸಿತು: "ಈ ಪತ್ರವನ್ನು ತಾವೇ ಬರೆದಿರುವುದಾಗಿ ಅತ್ತಿಗೆ ನಾದಿನಿಯರು ತಿಳಿಸಿರುತ್ತಾರೆ!"

ಕೋಣೆ ಹೋ ಎಂದಿತು. ಟೈಲರ್ ಕೈಮುಗಿದು ಒಪ್ಪಿಕೊಂಡ. ಗೌನಿನ ಅಳತೆಗೆಂದು ಇಬ್ಬರೂ ಒಂದೇ ಹೊತ್ತಿಗೆ ಅಂಗಡಿಗೆ ಬಂದು, ಒಬ್ಬರು ಕನ್ನಡಿ, ಒಬ್ಬರು ಗೋಡೆ ನೋಡುತ್ತ ನಿಂತಿದ್ದರಂತೆ. ಇವನು ಮೇಷ್ಟ್ರು ಮೆಟ್ಟಿಲು ಹತ್ತಿದ ಹಾಗೆ ಮಾಡಿ ಸಂದೇಶ ಒಪ್ಪಿಸಿದನಂತೆ. ತಾವು ಮಾತು ಬಿಟ್ಟವರು ಎಂದು ನೆನಪಾಗುವ ಮೊದಲೇ ಇಬ್ಬರಿಗೂ ನಗು ಬಂದುಬಿಟ್ಟಿತ್ತು. ಆಮೇಲೆ ಬಟ್ಟೆ ಕತ್ತರಿಸುವ ಮೇಜಿಗೇ ಕೂತು ಬರೆದದ್ದು.

"ಪತ್ರ ನನ್ನದಲ್ಲ ಮೇಷ್ಟ್ರೇ, ನಾನು ಬರೀ ಇಸ್ತ್ರಿ ಮಾಡಿದ್ದು."

ಮೇಷ್ಟ್ರ ಕಿವಿ ಕೆಂಪಾಗಿತ್ತು. ಇನ್ನೇನು ಸಿಡಿಯುತ್ತಾರೆ ಎಂದು ತರಗತಿ ಹೆದರಿತು.

"ಕೋಪ ಬಂತೇನ್ರೀ?" ಎಂದಳು ಹೆಂಡತಿ ಮೆಲ್ಲಗೆ.

"ನೀವು ಸುಮ್ನಿರಿ ಅತ್ತಿಗೆ," ಎಂದಳು ತಂಗಿ. "ಅಣ್ಣ ಇನ್ನೂ ಸಂಧಿ ಬಿಡಿಸ್ತಿದ್ದಾನೆ."

"ನೀನೇ ಸುಮ್ನಿರೇ ಮಹರಾಯ್ತಿ. ನಿನ್ನ ಕಾಗುಣಿತದಿಂದ್ಲೇ ಸಿಕ್ಕಿಬಿದ್ವಿ."

ಮೇಷ್ಟ್ರು ಒಬ್ಬಳ ಮುಖ ನೋಡಿದರು, ಇನ್ನೊಬ್ಬಳ ಮುಖ ನೋಡಿದರು. ಮಾತು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಾನಾಗಿಯೇ ಹೋಗಿ ಬರುತ್ತಿತ್ತು. ಏನೋ ಹೇಳಲು ಹೊರಟು ಕುರ್ಚಿಗೆ ಕುಸಿದರು. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ. ಕೊನೆಗೆ ಟೈಲರನಿಗೂ ಅನುಕರಿಸಲಾಗದಂಥ ನಗೆಯೊಂದು ಹೊರಟಿತು. ಉಳಿದವರು ನಕ್ಕು, ದಣಿದು, ಬೈಬಲು ಮಡಚಿ ಎದ್ದರೂ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ನಗುತ್ತಲೇ ಇದ್ದರು.