ತಿರುವಿನಿಂದ ಒಂದು ಕೂ

ಕಾಫಿ ಸೀಮೆಯ ನಾರ್ವೆ ಎಂಬ ಹಳ್ಳಿಯ ಅಂಗನವಾಡಿ ಬಾಗಿಲಲ್ಲೇ ಭೈರಮ್ಮ ಶರ್ಮಿಳಾಳನ್ನು ತಡೆದರು. ಹಿಂದಿನ ದಿನ ಅವರ ಮೊಮ್ಮಗಳು ಭವ್ಯಳ ಕೈಯನ್ನು ಶರ್ಮಿಳಾಳ ಮಗಳು ನಿಶ್ಚಿತಾ ಕಚ್ಚಿದ್ದಳು.

"ಎಂತ ಮಾರಾಯ್ತಿ, ನಿನ್ನ ಕೂಸಿಗೆ ಕಣ್ಣು ಕಾಣ್ದಿದ್ರೂ ಹಲ್ಲು ಸಮಾ ಇದೆಯಲ್ಲ! ಇನ್ನೊಂದ್ಸಲ ಕಚ್ಚಿದ್ರೆ ಅವಳನ್ನ ಮನೇಲೇ ಇಟ್ಕೋ."

ಶರ್ಮಿಳಾ ತಲೆ ತಗ್ಗಿಸಿದಳು. ನಾಲ್ಕು ವರ್ಷದ ಮಗಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅಂಗನವಾಡಿ ಬಿಡಿಸಿದರೆ ತಾನು ಕಾಫಿ ತೋಟದ ಕೆಲಸಕ್ಕೆ ಹೋಗುವಂತಿಲ್ಲ. ಮಗು ಹೀಗೆ ಕಚ್ಚಲು ಕಲಿತದ್ದು ತನ್ನ ಮುದ್ದಿನಿಂದಲೋ, ಗದರಿಕೆಯಿಂದಲೋ ಅವಳಿಗೆ ತಿಳಿಯುತ್ತಿರಲಿಲ್ಲ.

ಮಗಳನ್ನು ಒಳಗೆ ಕೂರಿಸಿ ಕೈಗೆ ಮರದ ಗಾಡಿ ಕೊಟ್ಟು, ಎಂದಿನಂತೆ ಸದ್ದಾಗದ ಹಾಗೆ ಬಳೆಗಳನ್ನು ಮೇಲೇರಿಸಿ ಬಿಗಿ ಮಾಡಿಕೊಂಡು ಹೊರಬಂದಳು. ಊರಿನ ತಾಯಂದಿರೆಲ್ಲ ಮಕ್ಕಳ ಕಣ್ಣು ತಪ್ಪಿಸಿ ಕೆಲಸಕ್ಕೆ ಹೋಗುತ್ತಿದ್ದರು. ಇವಳು ಕಿವಿ ತಪ್ಪಿಸುತ್ತಿದ್ದಳು.

"ಬೆಕ್ಕಿನ ಹಾಗೆ ಎಲ್ಲಿಗೆ ಹೊರಟಿದ್ದು?" ಟೀಚರ್ ಮಾಲತಿ ಜಗಲಿಗೆ ಬಂದು ಮೆಲ್ಲಗೆ ಕೇಳಿದರು.

"ಹೇಳಿದ್ರೆ ಅಳ್ತಾಳೆ ಟೀಚರ್."

"ಅಳ್ಲಿ. ನಿನ್ನೆ ಭವ್ಯ ಕೈ ಬಿಡಿಸ್ಕೊಂಡು ಸುಮ್ನೆ ಎದ್ದು ಹೊರಟ್ಳು, ಆಗ್ಲೇ ಕಚ್ಚಿದ್ದು. ಮೊನ್ನೆಯೂ ಹಂಗೇ. ಹೇಳ್ದೆ ಹೋಗೋರನ್ನ ಹಲ್ಲಲ್ಲಿ ಹಿಡ್ಕೊಳ್ತಾಳೇನೋ. ನಂಗೂ ಖಾತ್ರಿ ಇಲ್ಲ. ಇವತ್ತು ಹೇಳಿ ಹೋಗಿ ನೋಡು."

ಶರ್ಮಿಳಾ ಬಳೆ ಇಳಿಸಿ ಒಳಗೆ ಹೋದಳು. "ತೋಟಕ್ಕೆ ಹೋಗ್ತೀನಿ ಕೂಸೇ. ಸಂಜೆ ಬರ್ತೀನಿ."

ನಿಶ್ಚಿತಾ ಸೆರಗು ಹಿಡಿದು ಕಿರುಚಿದಳು. ಒಂದೊಂದೇ ಬೆರಳು ಬಿಡಿಸುವಾಗ, ಸದ್ದಿಲ್ಲದೆ ಹೋಗಿದ್ದರೇ ಚೆನ್ನಾಗಿತ್ತು ಅನ್ನಿಸಿತು. ರಸ್ತೆಯ ತಿರುವಿಗೆ ಬಂದರೂ ಅಳು ಕೇಳುತ್ತಿತ್ತು. ಕಾಲು ಮುಂದೆ ಹೋಗಲಿಲ್ಲ. ತೋಟದಲ್ಲಿ ಗಿಡಗಳ ಮರೆಯಲ್ಲಿರುವ ಜೊತೆಯವರನ್ನು ಕರೆಯುವಂತೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

"ಕೂ...!"

ಅಳು ನಿಂತಿತು. ಆಮೇಲೆ ಬಿಕ್ಕುತ್ತಲೇ ಹೊರಟ ಒಂದು ಸಣ್ಣ "ಕೂ" ತಿರುವಿನವರೆಗೂ ಬಂತು.

ಸಂಜೆ ಭೈರಮ್ಮ ಬಾಗಿಲಲ್ಲೇ ನಿಂತಿದ್ದರು.

"ಕಚ್ಚಿದ್ಲಾ?" ಶರ್ಮಿಳಾ ದೂರದಿಂದಲೇ ಕೇಳಿದಳು.

"ಇಲ್ಲ. ಉಪ್ಪಿಟ್ಟಿನ ತಟ್ಟೆ ಎಸೆದ್ಲಂತೆ. ಬಾ, ಇಲ್ಲಿ ನೋಡು."

ಒಳಗೆ ಭವ್ಯ ಏಳುತ್ತಿದ್ದಳು. ನಿಶ್ಚಿತಾ ತಟ್ಟನೆ ಅವಳ ಕೈ ಹಿಡಿದು ಬಾಯಿಗೆ ಒಯ್ದಳು.

"ನೀರು ಕುಡಿಯಕ್ಕೆ ಕಣೇ. ಈಗ ಬತ್ತೆ," ಎಂದಳು ಭವ್ಯ.

ಕೈ ತುಟಿಯ ಹತ್ತಿರವೇ ನಿಂತಿತು. ನಿಶ್ಚಿತಾ ಅದನ್ನು ಮೆಲ್ಲಗೆ ಬಿಟ್ಟು ಕಿವಿಯನ್ನು ಅತ್ತ ತಿರುಗಿಸಿದಳು. ನೀರಿನ ಕೊಡದ ಬಳಿಯಿಂದ ಭವ್ಯ "ಕೂ" ಎಂದಳು.

ನಿಶ್ಚಿತಾ ಅದಕ್ಕಿಂತ ಜೋರಾಗಿ ಕೂಗಿದಳು.

"ಬೆಳಿಗ್ಗೆಯಿಂದ ಇದೇ ಗಲಾಟೆಯಂತೆ," ಭೈರಮ್ಮ ಕಿವಿ ಮುಚ್ಚಿಕೊಂಡರು. "ಇನ್ನು ನಾಳೆಯೂ ಇದನ್ನೇ ಕೇಳ್ಬೇಕು ಮಾರಾಯ್ತಿ."