ಒಂಬತ್ತನೆಯ ಪಾಠ

ಪ್ರೆಸ್ಸಿನಲ್ಲಿ ಕರಡು ತಿದ್ದುವವಳು ಮಾಲೀಕನ ಸ್ವಂತ ತಂಗಿ. ಅವಳದು ಹದ್ದಿನ ಕಣ್ಣು. ಲಗ್ನಪತ್ರಿಕೆಯಲ್ಲಿ ವಧುವಿನ ಜಾಗಕ್ಕೆ ವಧುವಿನದೇ ಅಕ್ಕನ ಹೆಸರು ಬಿದ್ದಿದ್ದನ್ನು ಹಿಡಿದು ಒಂದು ಮದುವೆಯನ್ನೇ ಉಳಿಸಿದವಳು. ಅಂಥವಳ ಮುಂದೆ ಈ ಮಹಾನುಭಾವ ಅಣ್ಣ ತನ್ನ ಕಿರುಪುಸ್ತಕದ ಕರಡು ಇಟ್ಟ: ‘ಬೈಕ್ ಪಯಣ ಕಲಿಸಿದ ಹದಿನೇಳು ಪಾಠಗಳು’. ಇಡದೆ ಏನು ಮಾಡುತ್ತಾನೆ? ಪುಸ್ತಕ ಅವಳ ಗಂಡನ ನೆನಪಿಗೆ. ನಾನೇ ನೋಡ್ತೀನಿ ಎಂದು ಅವಳೇ ಹಟ ಹಿಡಿದಿದ್ದಳು.

ಹೋದ ವರ್ಷ ಅಣ್ಣನೂ ಅವಳ ಗಂಡನೂ ಎರಡು ಬೈಕುಗಳಲ್ಲಿ ಎರಡು ಸಾವಿರ ಕಿಲೋಮೀಟರ್ ಹೊರಟಿದ್ದರು. ಮರಳಿದ್ದು ಒಂದೇ ಬೈಕು. ಹಿಂದೆ ಬರುತ್ತಿದ್ದವನು ಬಿದ್ದದ್ದು ಇವನಿಗೆ ತಿಳಿದದ್ದು ನಲವತ್ತು ಕಿಲೋಮೀಟರ್ ದಾಟಿದ ಮೇಲೆ. "ಅರ್ಧ ಗಂಟೆ ಮೊದಲು ತಂದಿದ್ರೆ..." ಎಂದು ಡಾಕ್ಟರು ಮಾತು ನುಂಗಿದ್ದರು. ತಿರುವುಗಳಲ್ಲಿ ಹಿಂದಿನವನು ಕಾಣಲಿಲ್ಲ ಎಂದ ಅಣ್ಣ, ಎಲ್ಲರೂ ನಂಬಿದರು.

ನಿಜ ಬೇರೆ ಇತ್ತು. ಅಂದು ಬೆಳಿಗ್ಗೆ ವೇಗದ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಹಗಲಲ್ಲೂ ದೀಪ ಉರಿಸಿಕೊಂಡು ಹಿಂದೆ ಬರುವ ಅವನ ಜಾಗರೂಕತೆ ಬೈಕಿನ ಕನ್ನಡಿಯಲ್ಲಿ ಇವನ ಕಣ್ಣು ಕುಕ್ಕುತ್ತಿತ್ತು. ಸಿಟ್ಟಿನಲ್ಲಿ ಕನ್ನಡಿಯನ್ನೇ ತಿರುಗಿಸಿಟ್ಟ. ಆಮೇಲೆ ಯಾರೂ ನೋಡದಂತೆ ನೆಟ್ಟಗೆ ಮಾಡಿದ.

"ಅಣ್ಣಾ, ಎಂಟಾದ್ಮೇಲೆ ಹತ್ತು ಬಂದಿದೆ. ಒಂಬತ್ತೆಲ್ಲಿ?" ಎಂದಳು ತಂಗಿ, ಕರಡಿನಿಂದ ತಲೆಯೆತ್ತಿ.

ಅಕ್ಷರ ಜೋಡಿಸುವ ಮುನ್ನ ಆ ಪಾಠವನ್ನು ಅವನೇ ಹೊಡೆದುಹಾಕಿದ್ದ, ಅಂಕಿ ಬದಲಿಸಲು ಮರೆತಿದ್ದ. ವರ್ಷಗಟ್ಟಲೆ ಪ್ರೆಸ್ಸು ನಡೆಸಿದವನಿಗೆ ಇಷ್ಟೂ ಹೊಳೆಯಲಿಲ್ಲ.

"ನಂಬರ್ ತಪ್ಪಿರ್ಬೇಕು. ಸರಿ ಮಾಡ್ಬಿಡು."

"ಹದಿನೇಳು ಅಂತ ಮುಖಪುಟದಲ್ಲೇ ಇದೆಯಲ್ಲೋ. ಎಣಿಸಿದ್ರೆ ಹದಿನಾರೇ. ಏನಿತ್ತು, ಹೇಳು, ಬರ್ಕೋತೀನಿ."

ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಆದರೆ ಅವಳು ಪೆನ್ನು ಹಿಡಿದು, ಅವನು ಏನು ಹೇಳಿದರೂ ಬರೆದುಕೊಳ್ಳುವವಳಂತೆ ಕಾಯುತ್ತಿದ್ದಳು. ಆ ನಂಬಿಕೆಯನ್ನು ಅವನಿಗೆ ಸಹಿಸಲಾಗಲಿಲ್ಲ. ಪೆನ್ನು ಕಸಿದುಕೊಂಡು ಅಂಚಿನಲ್ಲಿ ಬರೆದ: ‘ಹಿಂದಿನವನ ಬೆಳಕು ಕಣ್ಣು ಕುಕ್ಕಿತೆಂದು ಕನ್ನಡಿ ತಿರುಗಿಸಬಾರದು.’

ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ತಿರುಗಿಸಿದ್ಯಾ?"

ಅವನು ತಲೆ ತಗ್ಗಿಸಿದ.

"ಎಷ್ಟು ದೂರ?"

"ಆ ನಲವತ್ತೂ."

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಪೆನ್ನು ವಾಪಸು ತೆಗೆದುಕೊಂಡು ಕೊನೆಯ ಪದ ಹೊಡೆದುಹಾಕಿ ಮೇಲೆ ಬರೆದಳು: ‘ತಿರುಗಿಸಿದೆ.’

"ಹೀಗೇ ಅಚ್ಚಾಗ್ಲಿ," ಎಂದು ಕನ್ನಡಕ ಮಡಚಿ ಚೀಲಕ್ಕೆ ಹಾಕಿಕೊಂಡಳು. ಅವನು ಹೆಸರು ಹಿಡಿದು ಕರೆದ. ಅವಳು ಬಾಗಿಲು ದಾಟಿದ್ದಳು.

ಐನೂರು ಪ್ರತಿ ಹಾಗೇ ಅಚ್ಚಾದವು. ಮೊದಲ ಪ್ರತಿ ಹಿಡಿದು ಅವನು ಅವಳ ಮನೆಗೆ ಹೋದ. ಅವಳು ಬಾಗಿಲಲ್ಲೇ ನಿಂತು ಒಂಬತ್ತನೆಯ ಪಾಠ ತೆಗೆದು ನೋಡಿದಳು, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡಳು, ಬಾಗಿಲು ಹಾಕಿಕೊಂಡಳು.